‘ಫ್ರೀ ರೇನ್’ ಬರೆಯುವಾಗ ‘ಜಿ’ ಬೇಕೇ? ಕುದುರೆಯಿಂದ ಬಂದ ಇಂಗ್ಲಿಷ್ ಪದಗಳ ಸ್ಪೆಲಿಂಗ್

ನಿಮ್ಮ ಪ್ರಶ್ನೆ: ಕಚೇರಿ ಪತ್ರದಲ್ಲಿ ‘ಫ್ರೀ ರೇನ್’ ಎಂದು ಬರೆದಾಗ ಮೇಲಧಿಕಾರಿ ನಡುವೆ ಒಂದು ‘ಜಿ’ ಸೇರಿಸಿದರು, ಯಾರು ಸರಿ, ಮತ್ತು ಕುದುರೆಗೆ ಸಂಬಂಧಿಸಿದ ಇಂಥ ಪದಗಳು ಇನ್ನೇನಿವೆ?

ನೀವೇ ಸರಿ. ಅದು ಆರ್-ಇ-ಐ-ಎನ್, ಅಂದರೆ ಕುದುರೆಯ ಲಗಾಮಿನ ಬಾರು. ಸವಾರ ಬಾರನ್ನು ಸಡಿಲ ಬಿಟ್ಟರೆ ಕುದುರೆ ತನಗೆ ಬೇಕಾದಂತೆ ಹೋಗುತ್ತದೆ. ‘ಫ್ರೀ ರೇನ್’ ಕೊಡುವುದೆಂದರೆ ಅಷ್ಟೇ. ಈ ಪದದ ಬೇರು ಲ್ಯಾಟಿನ್ನಿನ ‘ರೆಟಿನೇರೆ’, ಹಿಡಿದು ನಿಲ್ಲಿಸು ಎಂದು ಅರ್ಥ. ‘ರಿಟೇನ್’ ಕೂಡ ಅದೇ ಬೇರಿನದು, ಅಲ್ಲಿ ‘ಜಿ’ಗೆ ಜಾಗವೇ ಇಲ್ಲ. ‘ಜಿ’ ಇರುವ ರೇನ್ ರಾಜನ ಆಳ್ವಿಕೆ. ಅದು ಬಂದದ್ದು ರಾಜ್ಯ ಎಂಬರ್ಥದ ‘ರೆಗ್ನುಮ್’ನಿಂದ; ಉಚ್ಚಾರದಲ್ಲಿ ಬಿದ್ದುಹೋದ ‘ಜಿ’ ಬರಹದಲ್ಲಿ ಉಳಿದುಕೊಂಡಿದೆ. ಈ ‘ಜಿ’ಗೆ ಅಂಟುವ ಗುಣವೂ ಇದೆ: ‘ಸಾವರಿನ್’ ಪದದ ಫ್ರೆಂಚ್ ಮೂಲದಲ್ಲಿ ‘ಜಿ’ ಇರಲಿಲ್ಲ, ಆಳ್ವಿಕೆಯ ರೇನ್‌ಗೂ ಅದಕ್ಕೂ ನಂಟು ಕಲ್ಪಿಸಿ ಸೇರಿಸಿದರು.

ಜನ ಹೆಚ್ಚು ಎಡವುವುದು ಅಧಿಕಾರದ ಮಾತು ಬಂದಲ್ಲಿ. ಹೊಸ ಅಧ್ಯಕ್ಷರು ‘ರೇನ್ಸ್’ ಕೈಗೆ ತೆಗೆದುಕೊಂಡರು ಎಂದು ಬರೆಯುವಾಗ ಆಳ್ವಿಕೆ ನೆನಪಾಗಿ ‘ಜಿ’ ನುಸುಳುತ್ತದೆ. ಕನ್ನಡ ಪತ್ರಿಕೆಗಳು ಇಲ್ಲಿ ಹಡಗಿನ ಚುಕ್ಕಾಣಿ ಹಿಡಿಸುತ್ತವೆ, ಇಂಗ್ಲಿಷಿನವರು ಕುದುರೆಯ ಬಾರು ಹಿಡಿಸುತ್ತಾರೆ. ಖರ್ಚನ್ನು ‘ರೇನ್ ಇನ್’ ಮಾಡುವುದೂ ಬಾರನ್ನು ಎಳೆಯುವುದೇ, ಅಲ್ಲಿಯೂ ‘ಜಿ’ ಬೇಡ. ವಾಕ್ಯದಲ್ಲಿ ಆ ಪದದ ಬದಲು ಲಗಾಮು ಎಂದು ಇಟ್ಟು ನೋಡಿ. ಅರ್ಥ ಕೂಡಿದರೆ ‘ಜಿ’ ತೆಗೆಯಿರಿ.

ಕುದುರೆಯ ತಲೆಗೆ ಹಾಕುವ ಇಡೀ ಸಾಜಿಗೆ ‘ಬ್ರೈಡಲ್’ ಎನ್ನುತ್ತಾರೆ, ಕೊನೆಯಲ್ಲಿ ಡಿ-ಎಲ್-ಇ. ಬಾಯೊಳಗೆ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಕೂರುವ ಲೋಹದ ಕಡಿವಾಣ ‘ಬಿಟ್’. ಕಚ್ಚು ಎಂಬ ‘ಬೈಟ್’ನ ಬಳಗ. ಮದುವೆಗೆ ಸಂಬಂಧಿಸಿದ ‘ಬ್ರೈಡಲ್’ ಡಿ-ಎ-ಎಲ್ ಎಂದು ಮುಗಿಯುತ್ತದೆ. ಇದು ಹಳೆಯ ಇಂಗ್ಲಿಷಿನಲ್ಲಿ ಮದುಮಗಳು ಮತ್ತು ‘ಏಲ್’ ಎಂಬ ಮದ್ಯ ಸೇರಿ ಆದ ಪದ, ಮದುವೆಯ ಔತಣ ಎಂದು ಅರ್ಥ. ಆದ್ದರಿಂದ ಸವಾರರ ಕಾಲುದಾರಿ ‘ಬ್ರೈಡಲ್ ಪಾತ್’ಗೆ ಡಿ-ಎಲ್-ಇ. ಅಂಕೆಯಿಲ್ಲದ ಎಂಬರ್ಥದ ‘ಅನ್‌ಬ್ರೈಡಲ್ಡ್’ಗೂ ಇದೇ ಲೆಕ್ಕ; ಅಲ್ಲಿ ‘ಎ’ ಹಾಕಿದರೆ ಮದುವೆ ಮುರಿದಂತಾಗುತ್ತದೆ.

ಬೆಲೆ ಏರಿಕೆಗೆ ಕಡಿವಾಣ ಎಂದು ನಾವು ಬರೆಯುವಲ್ಲಿ ಇಂಗ್ಲಿಷಿನ ಪದ ‘ಕರ್ಬ್’. ಕುದುರೆಯ ಗದ್ದದ ಕೆಳಗೆ ಬಿಗಿಯುವ ಪಟ್ಟಿ ಅಥವಾ ಸರಪಳಿಯ ಹೆಸರದು, ಸಿ-ಯು-ಆರ್-ಬಿ. ಬ್ರಿಟಿಷ್ ರೂಢಿಯಲ್ಲಿ ಪಾದಚಾರಿ ಮಾರ್ಗದ ಅಂಚಿನ ಕಲ್ಲಿಗೆ ಮಾತ್ರ ಕೆ-ಇ-ಆರ್-ಬಿ. ಅಮೆರಿಕದಲ್ಲಿ ಎರಡಕ್ಕೂ ‘ಸಿ’. ತಡೆಯುವ ಅರ್ಥದಲ್ಲಿ ಎಲ್ಲ ಕಡೆಯೂ ‘ಸಿ’ಯೇ.

ಓಟದ ಹೆಸರುಗಳಲ್ಲಿ ‘ಗ್ಯಾಲಪ್’ಗೆ ಎರಡು ಎಲ್, ಒಂದು ಪಿ. ‘ಗ್ಯಾಲಪಿಂಗ್’ ಆದಾಗಲೂ ಪಿ ಇಮ್ಮಡಿಯಾಗುವುದಿಲ್ಲ. ‘ಕ್ಯಾಂಟರ್’ ಟಿ-ಇ-ಆರ್, ಕ್ಯಾಂಟರ್ಬರಿಗೆ ಹೋಗುತ್ತಿದ್ದ ಯಾತ್ರಿಕರ ಹದವಾದ ವೇಗದಿಂದ ಬಂದದ್ದು. ನಮ್ಮ ಹೆದ್ದಾರಿಯ ಸರಕು ಕ್ಯಾಂಟರಿಗೂ ಇದೇ ಸ್ಪೆಲಿಂಗ್. ಟಿ-ಓ-ಆರ್ ಹಾಕಿದರೆ ಪ್ರಾರ್ಥನಾ ಮಂದಿರದ ಗಾಯಕನಾಗುತ್ತಾನೆ. ಸವಾರ ಪಾದ ಇಡುವ ರಿಕಾಪಿಗೆ ‘ಸ್ಟಿರಪ್’: ಎರಡು ಆರ್, ಒಂದು ಪಿ. ಹಳೆಯ ಇಂಗ್ಲಿಷಿನಲ್ಲಿ ಅದು ಹತ್ತುವ ಹಗ್ಗ.

ಕುದುರೆ ಕಾಣದಂತೆ ಅಡಗಿರುವ ಪದಗಳು ನನಗೆ ಹೆಚ್ಚು ಇಷ್ಟ. ‘ಮಾರ್ಷಲ್’ ಎಂದರೆ ಮೂಲತಃ ಕುದುರೆಯ ಸೇವಕ, ‘ಮಾರ್’ ಎಂದರೆ ಕುದುರೆ, ‘ಸ್ಕಾಲ್ಕ್’ ಎಂದರೆ ಆಳು. ಲಾಯದ ಆಳು ಮೇಲೇರುತ್ತ ಸೇನೆಯ ಅತ್ಯುನ್ನತ ಪದವಿಯಾದ. ಕೊಡಗಿನ ಕಾರಿಯಪ್ಪನವರಿಗೆ 1986ರಲ್ಲಿ ಸಿಕ್ಕ ಫೀಲ್ಡ್ ಮಾರ್ಷಲ್ ಪದವಿಗೆ ಎಸ್-ಎಚ್-ಎ-ಎಲ್. ‘ಮಾರ್ಷಲ್ ಲಾ’, ‘ಕೋರ್ಟ್ ಮಾರ್ಷಲ್’ ಇವು ರೋಮನ್ನರ ಯುದ್ಧದೇವತೆ ಮಾರ್ಸ್‌ನ ಕಡೆಯವು, ಟಿ-ಐ-ಎ-ಎಲ್. ಪೊಲೀಸ್ ಠಾಣೆಯ ಕಾನ್ಸ್‌ಟೇಬಲ್ ಕೂಡ ಲಾಯದವನೇ: ಲ್ಯಾಟಿನ್ನಿನ ‘ಕೋಮೆಸ್ ಸ್ಟಾಬುಲಿ’, ಲಾಯದ ಅಧಿಕಾರಿ. ಇದಕ್ಕೆ ತದ್ವಿರುದ್ಧ ‘ನೈಟ್‌ಮೇರ್’. ಅಲ್ಲಿರುವ ‘ಮೇರ್’ ಹೆಣ್ಣು ಕುದುರೆಯಲ್ಲ, ಮಲಗಿದವರ ಎದೆಯ ಮೇಲೆ ಕೂರುತ್ತದೆಂದು ನಂಬಿದ್ದ ದೆವ್ವ.

ಭಾರತದಿಂದ ಹೋದವೂ ಇವೆ. ಸವಾರಿಯ ಷರಾಯಿ ‘ಜೋಧ್‌ಪುರ್ಸ್’ ಊರಿನ ಹೆಸರು. ‘ಎಚ್’ ಬರುವುದು ‘ಡಿ’ಯ ಪಕ್ಕದಲ್ಲಿ. ಕನ್ನಡದ ‘ಧ’ ನೆನೆದರೆ ನಮಗೆ ತಪ್ಪುವುದೇ ಇಲ್ಲ, ಆಂಗ್ಲರಿಗೆ ಅದೇ ಕಷ್ಟ. ‘ಜಿಮ್‌ಖಾನಾ’ ಗೇಂದ್‌ಖಾನಾ, ಅಂದರೆ ಚೆಂಡಾಟದ ಮನೆ, ಎಂಬುದು ‘ಜಿಮ್ನಾಸ್ಟಿಕ್ಸ್’ ಜೊತೆ ಬೆರೆತು ಆದ ರೂಪ ಎನ್ನುತ್ತವೆ ನಿಘಂಟುಗಳು. ಇಲ್ಲಿ ಅದು ಕ್ಲಬ್ಬು, ಬ್ರಿಟನ್ನಿನಲ್ಲಿ ಮಕ್ಕಳ ಕುದುರೆ ಸವಾರಿ ಸ್ಪರ್ಧೆ; ಅನುವಾದ ಮಾಡುವವರು ಇದನ್ನು ಗಮನಿಸಬೇಕು.

ಅನುವಾದದಲ್ಲಿ ಇನ್ನೂ ದೊಡ್ಡ ಎಡವಟ್ಟು ಆಗುವುದು ‘ಹ್ಯಾಂಡ್’ ಎಂಬ ಅಳತೆಯಲ್ಲಿ. ಒಂದು ಹ್ಯಾಂಡ್ ಎಂದರೆ 4 ಇಂಚು. ಎತ್ತರವನ್ನು ತಲೆಗಲ್ಲ, ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬಿನವರೆಗೆ ಅಳೆಯುತ್ತಾರೆ. ‘15.2 ಹ್ಯಾಂಡ್’ ಎಂದು ಬರೆದಿದ್ದರೆ ಚುಕ್ಕಿ ದಶಮಾಂಶವಲ್ಲ: 15 ಹ್ಯಾಂಡ್, ಮೇಲೆ 2 ಇಂಚು, ಒಟ್ಟು 62 ಇಂಚು. ಕ್ಯಾಲ್ಕುಲೇಟರಿನಲ್ಲಿ 15.2ನ್ನು ನಾಲ್ಕರಿಂದ ಗುಣಿಸಿದರೆ 60.8 ಬರುತ್ತದೆ, ಅದು ತಪ್ಪು. ಚುಕ್ಕಿಯ ನಂತರ 3ಕ್ಕಿಂತ ದೊಡ್ಡ ಅಂಕಿ ಬರುವಂತಿಲ್ಲ, 15.3 ಆದಮೇಲೆ 16. ಯಾರಾದರೂ 15.5 ಎಂದು ಬರೆದಿದ್ದರೆ ಲೆಕ್ಕ ಹಾಕುವ ಮೊದಲು ಅವರನ್ನೇ ಕೇಳಿ.

ಕೂಡಿಸಿ ಬರೆಯುವುದೋ ಬಿಡಿಸಿಯೋ ಎಂಬುದಕ್ಕೆ ನಿಯಮ ಹುಡುಕಬೇಡಿ, ನಿಘಂಟು ನೋಡಿ. ‘ಹಾರ್ಸ್‌ಪವರ್’, ‘ಹಾರ್ಸ್‌ಶೂ’ ಒಂದೇ ಪದ. ನಮ್ಮ ಹುರುಳಿಕಾಳು ‘ಹಾರ್ಸ್ ಗ್ರಾಮ್’ ಎರಡು ಪದ. ಆ ‘ಗ್ರಾಮ್’ ತೂಕದ ಗ್ರಾಮ್ ಅಲ್ಲ, ಕಾಳು ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು. ಹಾಗಾಗಿ ಕೊನೆಗೆ ಎಂ-ಎಂ-ಇ ಎಂದು ಬರೆಯಬಾರದು.