ಕುದಿಸಿದರೂ ಹೈಡ್ರೋಕ್ಲೋರಿಕ್ ಆಮ್ಲ 20% ದಾಟದಿರಲು ಕಾರಣ

ನೀರಿನಲ್ಲಿ ಕರಗಿದ 10% ಹೈಡ್ರೋಕ್ಲೋರಿಕ್ ಆಮ್ಲವನ್ನು ಎಷ್ಟು ಕುದಿಸಿದರೂ 30% ಆಗುವುದಿಲ್ಲ. ಕಾರಣ ಅಜಿಯೋಟ್ರೋಪ್, ಅಂದರೆ ಕುದಿಸಿ ಬೇರ್ಪಡಿಸಲಾಗದ ಮಿಶ್ರಣ. ತೂಕದಲ್ಲಿ ಸುಮಾರು 20.2% ಮುಟ್ಟಿದ ಮೇಲೆ ನೀರು, ಆಮ್ಲ ಎರಡೂ ದ್ರವದಲ್ಲಿರುವ ಅದೇ ಅನುಪಾತದಲ್ಲಿ ಆವಿಯಾಗುತ್ತವೆ. ಇನ್ನೂ ಕುದಿಸಿದರೆ ಪಾತ್ರೆಯಲ್ಲಿನ ದ್ರವ ಕಡಿಮೆಯಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ.

20% ಸಾಕಿದ್ದರೆ ಬಟ್ಟಿ ಇಳಿಸಿ. ಫ್ಲಾಸ್ಕ್, ಕಂಡೆನ್ಸರ್ (ಆವಿಯನ್ನು ತಣಿಸುವ ಕೊಳವೆ) ಎಲ್ಲವೂ ಗಾಜಿನದೇ ಇರಲಿ. ಸ್ಟೀಲ್ ಪಾತ್ರೆಯನ್ನು ಆಮ್ಲ ತಿನ್ನುತ್ತದೆ. ಫ್ಲಾಸ್ಕನ್ನು ಅರ್ಧ ತುಂಬಿಸಿ, ದ್ರವ ಸಮನಾಗಿ ಕುದಿಯಲು ತಣ್ಣಗಿರುವಾಗಲೇ ನಾಲ್ಕೈದು ಪಿಂಗಾಣಿ ಚೂರು ಹಾಕಿ. ಬಿಸಿಯಾದ ಮೇಲೆ ಹಾಕಿದರೆ ದ್ರವ ಒಮ್ಮೆಲೇ ಉಕ್ಕಿ ಹೊರಚಿಮ್ಮುತ್ತದೆ. ಮೊದಲು ಬರುವುದು ಬಹುಪಾಲು ನೀರು, ಅದನ್ನು ಬೇರೆ ಹಿಡಿಯಿರಿ. ಆವಿಯ ಉಷ್ಣತೆ ಏರುವುದು ನಿಂತು ಒಂದೇ ಕಡೆ ನಿಂತಾಗ ಬಾಟಲಿ ಬದಲಿಸಿ. ಸಮುದ್ರ ಮಟ್ಟದಲ್ಲಿ ಅದು 108.6 ಡಿಗ್ರಿ; ಬೆಂಗಳೂರಿನ ಎತ್ತರದಲ್ಲಿ 106ರ ಆಸುಪಾಸು. ಹಾಗಾಗಿ ಅಂಕಿಗಿಂತ ಸ್ಥಿರತೆಯನ್ನು ನಂಬಿ. ಅಂಗಡಿಯ ಆಮ್ಲ ಕಬ್ಬಿಣದಿಂದ ಹಳದಿಯಾಗಿದ್ದರೆ ಆ ಬಣ್ಣ ಫ್ಲಾಸ್ಕಿನಲ್ಲೇ ಉಳಿದು, ಇಳಿಯುವುದು ತಿಳಿಯಾಗಿರುತ್ತದೆ. ತಳ ಒಣಗುವ ಮೊದಲೇ ಉರಿ ನಿಲ್ಲಿಸಿ.

ಒಂದು ಲೀಟರ್ 10% ದ್ರವದಲ್ಲಿ ಇರುವುದೇ ಸುಮಾರು 105 ಗ್ರಾಂ ಆಮ್ಲ. ಹಾಗಾಗಿ 20.2% ಆಮ್ಲ ಸುಮಾರು 520 ಗ್ರಾಂಗಿಂತ ಹೆಚ್ಚು ಸಿಗದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.10 ಬಂದರೆ ಸರಿಯಾಗಿದೆ.

ನಿಮ್ಮಲ್ಲಿರುವ ಆಮ್ಲ ಟಾಯ್ಲೆಟ್ ಕ್ಲೀನರ್ ಆಗಿದ್ದು, ಬಾಟಲಿ ಅಲ್ಲಾಡಿಸಿದಾಗ ನೊರೆ ಬಂದರೆ ಅದರಲ್ಲಿ ಡಿಟರ್ಜೆಂಟ್ ಇದೆ. ಅದನ್ನು ಕುದಿಸಲೇಬೇಡಿ, ನೊರೆ ಕಂಡೆನ್ಸರ್‌ಗೆ ಏರುತ್ತದೆ. ಕೆಲಸ ಫ್ಯೂಮ್ ಹುಡ್‌ನಲ್ಲೇ (ಆವಿಯನ್ನು ಹೊರಗೆಳೆಯುವ ಲ್ಯಾಬ್ ಗೂಡು) ಆಗಲಿ, ಕನ್ನಡಕ, ಕೈಗವಸು ಇರಲಿ. ಮೊದಲು ಹಿಡಿದಿಟ್ಟ ನೀರಿನಲ್ಲೂ ಆಮ್ಲವಿರುತ್ತದೆ. ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಿ, ನೊರೆಯುವುದು ನಿಂತ ಮೇಲೆ ಚೆಲ್ಲಿ.

30% ಬೇಕೇಬೇಕಿದ್ದರೆ ಲ್ಯಾಬ್ ಸಾಮಗ್ರಿ ಅಂಗಡಿಯಿಂದ ಕೊಳ್ಳಿ.