ಸೂಪರ್‌ಹೀರೋ ಚಿತ್ರಗಳು ಪ್ರೇಕ್ಷಕರಿಗೆ ಬೇಸರ ತರಿಸಿವೆಯೇ?

ಸೂಪರ್‌ಹೀರೋ ಚಿತ್ರಗಳು ಜನರಿಗೆ ಸಾಕಾಗಿವೆಯೇ ಎಂದು ತಾವು ಕೇಳಿದ್ದೀರಿ. ಬೇಸರ ಬಂದಿರುವುದು ನಿಜ. ಒಂದು ಚಿತ್ರ ಅರ್ಥವಾಗಬೇಕಾದರೆ ಅದಕ್ಕೂ ಮೊದಲು ಇನ್ನೇನೇನನ್ನೋ ನೋಡಿ ಮುಗಿಸಿರಬೇಕೆಂಬ ಕಟ್ಟುಪಾಡೇ ಅದಕ್ಕೆ ಮುಖ್ಯ ಕಾರಣವೆಂದು ನಾನು ಬಲವಾಗಿ ನಂಬಿದ್ದೇನೆ.

2023ರ ನವೆಂಬರ್‌ನಲ್ಲಿ ತೆರೆಕಂಡ ‘ದ ಮಾರ್ವೆಲ್ಸ್’ ಚಿತ್ರವನ್ನೇ ತೆಗೆದುಕೊಳ್ಳಿ. ಅದರ ಮೂವರು ನಾಯಕಿಯರಲ್ಲಿ ಕ್ಯಾರಲ್ ಡ್ಯಾನ್ವರ್ಸ್ ಚಿತ್ರಮಂದಿರದ ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದವಳು. ಆದರೆ ಮೋನಿಕಾಗೆ ಅತಿಮಾನುಷ ಶಕ್ತಿ ಬಂದದ್ದು ‘ವಾಂಡಾವಿಷನ್’ ಎಂಬ ವೆಬ್ ಸರಣಿಯಲ್ಲಿ. ಕಮಲಾ ಖಾನ್‌ಳ ಮನೆಮಂದಿಯ ಮತ್ತು ಮುತ್ತಜ್ಜಿಯ ಕಾಲದ ಬಳೆಯ ಕಥೆ ಬಂದದ್ದು ‘ಮಿಸ್ ಮಾರ್ವೆಲ್’ ಎಂಬ ಇನ್ನೊಂದು ಸರಣಿಯಲ್ಲಿ. ಮಾರ್ವೆಲ್‌ನ ಒಡೆಯ ಸಂಸ್ಥೆಯಾದ ಡಿಸ್ನಿಯ ಆನ್‌ಲೈನ್ ವೇದಿಕೆಗೆ ಚಂದಾ ಕಟ್ಟದವರಿಗೆ, ಕಟ್ಟಿಯೂ ಅಷ್ಟೆಲ್ಲ ನೋಡಲು ಬಿಡುವಿಲ್ಲದವರಿಗೆ, ಟಿಕೆಟ್ ಕೊಂಡು ಕುಳಿತ ಮೇಲೂ ಇವರಿಬ್ಬರು ಅಪರಿಚಿತರಾಗಿಯೇ ಉಳಿದರು. ಕ್ಯಾರಲ್‌ಳ 2019ರ ಚಿತ್ರ ‘ಕ್ಯಾಪ್ಟನ್ ಮಾರ್ವೆಲ್’ ಜಗತ್ತಿನಾದ್ಯಂತ 110 ಕೋಟಿ ಡಾಲರಿಗೂ ಹೆಚ್ಚು ಗಳಿಸಿತ್ತು. ‘ದ ಮಾರ್ವೆಲ್ಸ್’ ಗಳಿಕೆ ಸುಮಾರು 20 ಕೋಟಿ ಡಾಲರಿಗೇ ನಿಂತಿತು. ಸರಣಿಗಳು ಹೆಚ್ಚಾಗಿ ಮಾರ್ವೆಲ್ ಸಂಸ್ಥೆಯ ಗಮನ ಚದುರಿತೆಂದು ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ಒಪ್ಪಿಕೊಂಡರು.

ಅದೇ ವರ್ಷ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಮೂರನೆಯ ಭಾಗ 84 ಕೋಟಿ ಡಾಲರ್ ಗಳಿಸಿತು. ಪ್ರಯೋಗಾಲಯದ ಪಂಜರಗಳಲ್ಲಿ ಕೂಡಿಹಾಕಿದ, ಅಂಗಾಂಗ ಕತ್ತರಿಸಿ ಲೋಹ ಜೋಡಿಸಿದ ಬರಿಯ ಸಂಖ್ಯೆಗಳಾಗಿ ಬದುಕಿದ್ದ ನಾಲ್ಕು ಪ್ರಾಣಿಗಳು ತಮಗೆ ತಾವೇ ಒಂದೊಂದು ಹೆಸರಿಟ್ಟುಕೊಳ್ಳುವ ದೃಶ್ಯ ಅದರಲ್ಲಿದೆ. ಆ ದೃಶ್ಯಕ್ಕೆ ಕಣ್ಣು ತುಂಬಿಬರಲು ಹಿಂದಿನ ಎರಡು ಭಾಗಗಳನ್ನು ನೋಡಿರಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಈ ಒಂದು ಕಾರಣದ ಮೇಲೆ ಹೊರಿಸಲಾಗದು. 2025ರ ‘ಸೂಪರ್‌ಮ್ಯಾನ್’ ಮತ್ತು ‘ಫೆಂಟಾಸ್ಟಿಕ್ ಫೋರ್’ ಹೊಸಬರಿಗೂ ಸುಲಭವಾಗಿ ಅರ್ಥವಾಗುವಂತಿದ್ದವು, ವಿಮರ್ಶಕರ ಮೆಚ್ಚುಗೆಯನ್ನೂ ಪಡೆದವು. ಆದರೂ ಎರಡರಲ್ಲಿ ಒಂದೂ 70 ಕೋಟಿ ಡಾಲರ್ ಮುಟ್ಟಲಿಲ್ಲ. ಮಾರ್ವೆಲ್ ಅಥವಾ ಡಿಸಿ ಎಂಬ ಕಾಮಿಕ್ಸ್ ಸಂಸ್ಥೆಗಳ ಹೆಸರು ಕಂಡ ಮಾತ್ರಕ್ಕೆ ಮೊದಲ ವಾರವೇ ಟಿಕೆಟ್ ಕಾದಿರಿಸುತ್ತಿದ್ದ ರೂಢಿ ಒಮ್ಮೆ ತಪ್ಪಿದ ಮೇಲೆ, ಒಂದೆರಡು ಒಳ್ಳೆಯ ಚಿತ್ರಗಳಿಂದ ಅದು ಮರಳಿ ಬರುವುದಿಲ್ಲ.

ಇದೇ 2025ರಲ್ಲಿ, ಕೇರಳದ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯ ಐತಿಹ್ಯವನ್ನು ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸಿದ ‘ಲೋಕಾ’, ಮಲಯಾಳಂನ ಅತಿ ಹೆಚ್ಚು ಗಳಿಕೆಯ ಚಿತ್ರಗಳ ಸಾಲಿಗೆ ಸೇರಿತು. ಅದರ ನಾಯಕಿಯೂ ಸೂಪರ್‌ಹೀರೋ ಆಗಿರುವಾಗ, ಈ ಬಗೆಯ ಚಿತ್ರಗಳ ಕಾಲವೇ ಮುಗಿಯಿತೆಂಬ ಮಾತನ್ನು ನಾನು ಒಪ್ಪಲಾರೆ.