ಅಜ್ಜನ ಬಯೊನೆಟ್ ಯಾಕೆ ಗಿಡ್ಡ?

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಅವರ ಟ್ರಂಕಿನಲ್ಲಿ ಒಂದು ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ) ಸಿಕ್ಕಿದೆ. ಅಲಗು 12 ಇಂಚು. ಬುಡದಲ್ಲಿ ಕಿರೀಟ, 1907, ಕೆಳಗೆ 10 '17, ಸ್ಯಾಂಡರ್ಸನ್ ಎಂದಿದೆ. ಹಳೇ ಸಾಮಾನು ಕೊಳ್ಳುವವರೊಬ್ಬರು ನೋಡಿ, "ಇದು 17 ಇಂಚು ಇರಬೇಕಿತ್ತು, ಮುರಿದದ್ದನ್ನು ಯಾರೋ ಉಜ್ಜಿದ್ದಾರೆ, ಹಿಡಿಗೆ ತೂತು ಬೇರೆ ಕೊರೆದಿದ್ದಾರೆ, ಬೆಲೆ ಇಲ್ಲ" ಅಂದರು. ನಿಜವೇ?
– ಓದುಗರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಅವರ ಮಾತು ಕೇಳಿ ಕೊಟ್ಟುಬಿಡಬೇಡಿ. 17 ಇಂಚು ಇತ್ತು ಅನ್ನುವುದಷ್ಟೇ ನಿಜ.

1907 ಅಂದರೆ ತಯಾರಾದ ವರ್ಷ ಅಲ್ಲ, ಆ ಮಾದರಿಯ ಹೆಸರು. ತುಂಬಾ ಜನ ಇಲ್ಲೇ ಎಡವುತ್ತಾರೆ. 10 '17 ಅಂದರೆ ತಯಾರಾದ ತಿಂಗಳು, ವರ್ಷ; ಸ್ಯಾಂಡರ್ಸನ್ ಅನ್ನುವುದು ತಯಾರಿಸಿದ ಕಂಪನಿ. ನಿಮ್ಮದು ತಯಾರಾದದ್ದು 1917ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನಲ್ಲಿ, 303 ಲೀ-ಎನ್‌ಫೀಲ್ಡ್ ರೈಫಲ್ಲಿಗೆ. ತೂತಿನ ವಿಷಯಕ್ಕೆ ಬಂದರೆ, ರೈಫಲ್ಲಿಗೆ ಸಿಕ್ಕಿಸಲು ಹಿಡಿಯಲ್ಲಿರುವ ಸಂದಿಯಲ್ಲಿ ಮಣ್ಣು ಕೂತರೆ ತೆಗೆಯಲಿಕ್ಕೆ ಅಂತಲೇ 1916ರಿಂದ ಅದನ್ನು ಇಡುತ್ತಿದ್ದರು. 1917ರ ತುಂಡಿನಲ್ಲಿ ಅದು ಇರಲೇಬೇಕು, ಅಲ್ವಾ?

ಇನ್ನು ಉದ್ದ. ಎರಡನೇ ಮಹಾಯುದ್ಧದ ಹೊತ್ತಿಗೆ ಅಷ್ಟುದ್ದದ ಅಲಗು ಬೇಡ ಅನ್ನಿಸಿ, ಭಾರತದಲ್ಲೇ ಸೇನೆಗಾಗಿ ಹಳೆಯ ಬಯೊನೆಟ್‌ಗಳನ್ನು 12 ಇಂಚಿಗೆ ಕತ್ತರಿಸಿ ಮತ್ತೆ ಚೂಪು ಮಾಡಿದರು. ಜೊತೆಗೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಂಥ ಕಡೆ ಹೊಸದಾಗಿಯೂ ಗಿಡ್ಡ ಬಯೊನೆಟ್ ಮಾಡಿದರು. ಎರಡಕ್ಕೂ ವ್ಯತ್ಯಾಸ ಹೇಳುವುದು ಸುಲಭ. ಅಲಗಿನ ಉದ್ದಕ್ಕೂ ಒಂದು ತೋಡು ಇರುತ್ತದಲ್ಲ, ರಕ್ತ ಹರಿಯಲಿಕ್ಕೆ ಅಂತ ಸುಮ್ನೆ ಹೇಳುತ್ತಾರೆ, ಅದು ನಿಜವಾಗಿ ಇರುವುದು ತೂಕ ಕಡಿಮೆ ಮಾಡಲಿಕ್ಕೆ. 17 ಇಂಚಿನದರಲ್ಲಿ ಆ ತೋಡು ತುದಿಗಿಂತ ಸಾಕಷ್ಟು ಮೊದಲೇ ಮುಗಿಯುತ್ತದೆ, ಕತ್ತರಿಸಿದ್ದರಲ್ಲಿ ಹೆಚ್ಚುಕಮ್ಮಿ ಮೊನೆಯವರೆಗೂ ಓಡುತ್ತದೆ, ಯುದ್ಧಕಾಲದಲ್ಲಿ ಹೊಸದಾಗಿ ಮಾಡಿದ ಹೆಚ್ಚಿನವುಗಳಲ್ಲಿ ತೋಡೇ ಇರುವುದಿಲ್ಲ. ಕೊನೆಕೊನೆಯವಂತೂ ಹಿಡಿಯ ತುದಿಯನ್ನೂ ದುಂಡು ಮಾಡದೆ ಚೌಕವಾಗಿಯೇ ಬಿಟ್ಟಂಥವು, ಒರಟು ಕೆಲಸ, ಆದರೂ ನನಗೆ ಅವು ಬಹಳ ಇಷ್ಟ.

ಆದರೆ ಮನೆಯಲ್ಲಿ ಉಜ್ಜಿದ್ದು ಅಂತ ಅನುಮಾನ ಬಂದರೆ? ಒರೆ ನೋಡಿ. ಸೇನೆ ಕತ್ತರಿಸಿದಾಗ ಒರೆಯನ್ನೂ ಗಿಡ್ಡ ಮಾಡಿತ್ತು. ನಿಮ್ಮ ಒರೆಯೂ ಗಿಡ್ಡದ್ದಾಗಿದ್ದು ಅಲಗು ಸರಿಯಾಗಿ ಕೂತರೆ ಅದು ಒಳ್ಳೆಯ ಸಾಕ್ಷಿ. ಅಲಗಿನ ಬುಡದ ಎರಡೂ ಬದಿ ಭೂತಗನ್ನಡಿ ಹಿಡಿದು ನೋಡಿ. ಬಾಣದ ಗುರುತಿನ ಕೆಳಗೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಅದು ಭಾರತ ಸರ್ಕಾರದ ಸ್ವತ್ತಾಗಿತ್ತು ಅಂತ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಗೆ ಕೊಕ್ಕೆ ಇಲ್ಲ ಅಂತ ಯಾರಾದರೂ ಅಂದರೂ ತಲೆ ಕೆಡಿಸಿಕೊಳ್ಳಬೇಡಿ, 1913ರಲ್ಲೇ ಕೊಕ್ಕೆ ಬಿಟ್ಟಿದ್ದರು. 1917ರದ್ದಕ್ಕೆ ಕೊಕ್ಕೆ ಇದ್ದಿದ್ದರೆ ಆಗ ಅನುಮಾನ ಪಡಬೇಕಿತ್ತು.

ಉಪ್ಪುಕಾಗದ ಹಾಕಿ ತಿಕ್ಕಲೇಬೇಡಿ, ಗುರುತೆಲ್ಲ ಅಳಿಸಿಹೋಗುತ್ತದೆ. ಬಟ್ಟೆಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಹಾಗೇ, ಬಯೊನೆಟ್ ಆಯುಧ ಕಾಯಿದೆಯಡಿಯ ನಿಯಮಗಳ ಪಟ್ಟಿಯಲ್ಲಿರುವ ವಸ್ತು. ಇಟ್ಟುಕೊಳ್ಳಲು ನಿಮ್ಮ ಕಡೆ ಲೈಸೆನ್ಸ್ ಬೇಕೇ ಅಂತ ಠಾಣೆಯಲ್ಲಿ ಒಮ್ಮೆ ಕೇಳಿಬಿಡಿ.